ಠಾಣೆಗೆ ಹೋದ ಕೋವಿ ಮನೆಗೆ ಬರುವ ದಾರಿ

ನಮ್ಮ ದೊಡ್ಡಪ್ಪನ ಜೋಡು ನಳಿಗೆ ಕೋವಿ ಚುನಾವಣೆಗೆ ಅಂತ ಠಾಣೆಗೆ ಹೋಯಿತು. ವಾಪಸ್ ಬರುವಷ್ಟರಲ್ಲಿ ಎರಡು ಮಳೆಗಾಲ ಕಳೆದಿತ್ತು. ಫಲಿತಾಂಶ ಬಂದ ವಾರವೇ ದೊಡ್ಡಪ್ಪ ಆಸ್ಪತ್ರೆ ಸೇರಿದರು, ಆಮೇಲೆ ಅಡಿಕೆ ಕೊಯ್ಲು ಬಂತು, ಅಷ್ಟರಲ್ಲಿ ಲೈಸೆನ್ಸಿನ ಅವಧಿ ಮುಗಿದೇ ಹೋಯಿತು. ಲೈಸೆನ್ಸ್ ಚಾಲ್ತಿಯಲ್ಲಿ ಇಲ್ಲದೆ ಕೋವಿ ಕೊಡಲು ಬರುವುದಿಲ್ಲ ಎಂದರು ಠಾಣೆಯವರು. ಕೋವಿ ತೋರಿಸದೆ ರಿನ್ಯೂವಲ್ ಆಗುವುದಿಲ್ಲ ಎಂದರು ಲೈಸೆನ್ಸ್ ಕೊಡುವ ಡಿಸಿ ಕಚೇರಿಯವರು. ಇಬ್ಬರ ಮಾತೂ ಅವರವರ ಲೆಕ್ಕಕ್ಕೆ ಸರಿ. ನಡುವೆ ಎಪ್ಪತ್ತು ದಾಟಿದ ಮನುಷ್ಯ ಬಸ್ಸು ಹತ್ತಿ ಇಳಿದು ಸುಸ್ತಾದರು. ಕೊನೆಗೆ ಗಂಟು ಬಿಡಿಸಿದ್ದು ಒಂದೇ ಒಂದು ಹಾಳೆ. "ಈ ನಂಬರಿನ ಕೋವಿ ನಮ್ಮ ಠಾಣೆಯ ವಶದಲ್ಲಿದೆ" ಎಂದು ಠಾಣೆಯಿಂದ ಬರೆಸಿಕೊಂಡ ಹಿಂಬರಹ. ಅದನ್ನು ಇಟ್ಟು ರಿನ್ಯೂವಲ್ ಮಾಡಿಸಿದರು, ರಿನ್ಯೂವಲ್ ತೋರಿಸಿ ಕೋವಿ ತಂದರು.

ಆ ಹಾಳೆಯನ್ನು ಮೊದಲ ದಿನವೇ ಕೇಳಬಹುದಿತ್ತು. ಕೇಳಬೇಕು ಅಂತ ನಮಗೆ ಗೊತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಇರಲಿ. ಕೋವಿ ಠಾಣೆಗೆ ಯಾವ ಕಾರಣಕ್ಕೆ ಹೋಯಿತು ಅನ್ನುವುದರ ಮೇಲೆ ಅದು ಯಾವ ಬಾಗಿಲಿನಿಂದ ಹೊರಗೆ ಬರುತ್ತದೆ ಅನ್ನುವುದು ನಿಂತಿದೆ. ನೀವೇ ಠೇವಣಿ ಇಟ್ಟಿದ್ದರೆ ಒಂದು ದಾರಿ. ಕೇಸಿನಲ್ಲಿ ಜಪ್ತಿ ಆಗಿದ್ದರೆ ಇನ್ನೊಂದು. ಕಳ್ಳತನವಾಗಿ ಆಮೇಲೆ ಸಿಕ್ಕಿದ್ದರೆ ಮತ್ತೊಂದು. ಜನ ಜಾಸ್ತಿ ಸಮಯ ಕಳೆದುಕೊಳ್ಳುವುದು ತಪ್ಪು ಬಾಗಿಲು ತಟ್ಟಿ. ಜಪ್ತಿಯಾದ ಕೋವಿಯನ್ನು ಎಸ್‌ಐ ಮನಸ್ಸು ಮಾಡಿದರೂ ಕೊಡುವಂತಿಲ್ಲ, ಅದು ಕೋರ್ಟಿನ ಲೆಕ್ಕಕ್ಕೆ ಹೋಗಿರುತ್ತದೆ. ಚುನಾವಣೆಗೆ ಇಟ್ಟ ಕೋವಿಗೆ ಕೋರ್ಟಿಗೆ ಅಲೆಯುವ ಅಗತ್ಯವೇ ಸಾಮಾನ್ಯವಾಗಿ ಇರುವುದಿಲ್ಲ.

ಸುಲಭದ್ದನ್ನು ಮೊದಲು ಹೇಳುತ್ತೇನೆ. ಚುನಾವಣೆ ಘೋಷಣೆಯಾದ ಕೂಡಲೇ ಮಲೆನಾಡು, ಕರಾವಳಿ, ಕೊಡಗಿನ ಬೆಳೆ ರಕ್ಷಣೆ ಕೋವಿಗಳಿಗೆ ಠಾಣೆಯಿಂದ ಕರೆ ಬರುತ್ತದೆ. 2024ರ ಲೋಕಸಭೆ ಚುನಾವಣೆಯನ್ನೇ ನೋಡಿ. ನೀತಿ ಸಂಹಿತೆ ಜಾರಿಯಾದದ್ದು ಮಾರ್ಚ್ 16ಕ್ಕೆ, ಮತ ಎಣಿಕೆ ಜೂನ್ 4ಕ್ಕೆ. ಹತ್ತಿರ ಹತ್ತಿರ ಎಂಬತ್ತು ದಿನ. ಅದೂ ಹಲಸು ಹಣ್ಣಾಗುವ ಕಾಲ, ಹಂದಿ ಮಂಗಗಳ ಕಾಟ ವಿಪರೀತ ಇರುವ ಹೊತ್ತು. ತೋಟದ ನಡುವೆ ಒಂಟಿ ಮನೆಯಲ್ಲಿ ಇರುವವರಿಗೆ ಆ ಎಂಬತ್ತು ದಿನ ಏನು ಅಂತ ಪೇಟೆಯವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ.

ಚುನಾವಣಾ ಆಯೋಗದ ಸೂಚನೆಯಲ್ಲಿ ಎಲ್ಲರ ಕೋವಿಯನ್ನೂ ಕಣ್ಣು ಮುಚ್ಚಿ ತರಿಸಿಕೊಳ್ಳಿ ಅಂತ ಇಲ್ಲ. ಪ್ರತಿ ಜಿಲ್ಲೆಯಲ್ಲೂ ಒಂದು ಸ್ಕ್ರೀನಿಂಗ್ ಸಮಿತಿ ಇರಬೇಕು. ಜಾಮೀನಿನ ಮೇಲೆ ಇರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣೆ ಹೊತ್ತಿನ ಗಲಾಟೆಯಲ್ಲಿ ಸಿಕ್ಕಿಕೊಂಡವರು, ಇಂಥವರ ಲೈಸೆನ್ಸ್ ನೋಡಿ ಯಾರು ಠೇವಣಿ ಇಡಬೇಕು ಅಂತ ಸಮಿತಿ ತೀರ್ಮಾನ ಮಾಡಬೇಕು. ಬಾಂಬೆ ಹೈಕೋರ್ಟ್ 2009ರಲ್ಲೇ ಇದನ್ನು ಒತ್ತಿ ಹೇಳಿದೆ. ಹಾಗಾಗಿ ನಿಮಗೆ ನಿಜಕ್ಕೂ ಕೋವಿ ಬೇಕೇ ಬೇಕು ಅಂತಿದ್ದರೆ, ಇಡುವ ಮೊದಲೇ ಡಿಸಿ ಕಚೇರಿಗೆ ವಿನಾಯಿತಿ ಕೋರಿ ಅರ್ಜಿ ಕೊಡಿ. ತೋಟದ ಪಹಣಿ ಪ್ರತಿ, ಬೆಳೆ ಹಾನಿಯ ಫೋಟೋ, ಹಿಂದೆ ಅರಣ್ಯ ಇಲಾಖೆಯಿಂದ ಪರಿಹಾರ ಸಿಕ್ಕಿದ್ದರೆ ಅದರ ಕಾಗದ, ಎಲ್ಲ ಸೇರಿಸಿ. ಇನ್ನೂ ಒಂದು ಮಾತು. ಫಲಿತಾಂಶ ಬಂದು ಒಂದು ವಾರಕ್ಕೆ ಕೋವಿ ವಾಪಸ್ ಕೊಡಬೇಕು ಅಂತ ಆಯೋಗವೇ ಹೇಳಿದೆ. ಆದರೆ ಅದು ತಾನಾಗಿ ನಿಮ್ಮ ಅಂಗಳಕ್ಕೆ ಬರುವುದಿಲ್ಲ. ನೀವೇ ಹೋಗಬೇಕು, ರಸೀದಿ ಮತ್ತು ಚಾಲ್ತಿಯಲ್ಲಿರುವ ಲೈಸೆನ್ಸ್ ಹಿಡಿದುಕೊಂಡು.

ಆ ರಸೀದಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಠೇವಣಿ ಇಡುವ ದಿನ ಗಡಿಬಿಡಿ ಇರುತ್ತದೆ. ಐವತ್ತು ಜನ ಕೋವಿ ಹಿಡಿದು ನಿಂತಿರುತ್ತಾರೆ. ಬರೆದುಕೊಳ್ಳುವ ರೈಟರ್ ಒಬ್ಬರೇ, ಎದುರಿಗೆ ದಪ್ಪ ರಿಜಿಸ್ಟರು. ಒಂದು ಕೋವಿಗೆ ರಟ್ಟಿನ ಚೀಟಿ ಕಟ್ಟಿ ಪಕ್ಕಕ್ಕೆ ಒರಗಿಸಿ ಮುಂದಿನದಕ್ಕೆ ಕೈ ಹಾಕುತ್ತಾರೆ. ದೊಡ್ಡಪ್ಪನ ರಸೀದಿಯಲ್ಲಿ ಇದ್ದದ್ದು ಇಷ್ಟೇ: "ಡಿಬಿಬಿಎಲ್ ಗನ್ 1", ಅಂದರೆ ಜೋಡು ನಳಿಗೆ ಕೋವಿ ಒಂದು. ನಂಬರಿಲ್ಲ, ಕಂಪನಿ ಹೆಸರಿಲ್ಲ, ಜೊತೆಗೆ ಕೊಟ್ಟ ತೋಟೆ (ಕಾರ್ಟ್ರಿಜ್) ಎಷ್ಟು ಅಂತಲೂ ಇಲ್ಲ. ಎರಡು ವರ್ಷ ಆದ ಮೇಲೆ ಹೋದಾಗ ರೈಟರ್ ಬದಲಾಗಿದ್ದರು. ಕತ್ತಲೆ ಕೋಣೆಯಲ್ಲಿ ಹದಿನಾರು ಕೋವಿ, ಅರ್ಧಕ್ಕರ್ಧ ಚೀಟಿ ಗೆದ್ದಲು ತಿಂದಿತ್ತು. ದೊಡ್ಡಪ್ಪ ತಮ್ಮ ಕೋವಿಯನ್ನು ಗುರುತಿಸಿದ್ದು ಮರದ ಹಿಡಿಯ ಮೇಲಿನ ಒಂದು ಸೀಳಿನಿಂದ. ಅಜ್ಜನ ಕಾಲದಲ್ಲಿ ಅದು ಬಿರುಕು ಬಿಟ್ಟಾಗ ತಾಮ್ರದ ತಂತಿ ಸುತ್ತಿದ್ದರಂತೆ. ತಂತಿ ಹಾಗೇ ಇತ್ತು. ನಳಿಗೆ ಮಾತ್ರ ಒಳಗಿಂದ ತುಕ್ಕು ಹಿಡಿದು, ಬೆಳಕಿಗೆ ಹಿಡಿದರೆ ಸುಟ್ಟ ಬೆಲ್ಲದ ಬಣ್ಣ ಕಾಣುತ್ತಿತ್ತು.

ಆದ್ದರಿಂದ ಇಡುವಾಗಲೇ ರಸೀದಿಯಲ್ಲಿ ಕೋವಿಯ ನಂಬರು, ಯಾವ ಬಗೆ, ಯಾವ ಕಂಪನಿ, ಲೈಸೆನ್ಸ್ ನಂಬರು, ಯುಐಎನ್ (ಲೈಸೆನ್ಸುದಾರರಿಗೆ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ), ತೋಟೆಗಳ ಲೆಕ್ಕ, ತಾರೀಕು, ಠಾಣೆಯ ಸೀಲು ಇದೆಯಾ ಅಂತ ನೋಡಿಕೊಳ್ಳಿ. ಇಲ್ಲದಿದ್ದರೆ ಅಲ್ಲೇ ವಿನಯದಿಂದ ಕೇಳಿ ಬರೆಸಿ. ಕೊಡುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ, ನಂಬರು ಕಾಣುವ ಹಾಗೆ. ನಳಿಗೆಗೆ ಒಳಗೂ ಹೊರಗೂ ಎಣ್ಣೆ ಸವರಿ, ಬಟ್ಟೆಯ ಚೀಲಕ್ಕೆ ಹಾಕಿ ಕೊಡಿ. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಅನುಕೂಲ ಇದೆ. ಠಾಣೆಯಲ್ಲೇ ಇಡಬೇಕು ಅಂತ ಆದೇಶದಲ್ಲಿ ಕಟ್ಟುನಿಟ್ಟಾಗಿ ಇಲ್ಲದಿದ್ದರೆ ಲೈಸೆನ್ಸ್ ಇರುವ ಗನ್ ಡೀಲರ್ ಹತ್ತಿರವೂ ಇಡಬಹುದು. ಬಾಡಿಗೆ ಕೊಡಬೇಕಾಗುತ್ತದೆ, ಆದರೆ ಕೋವಿ ಒಣಗಿದ ಜಾಗದಲ್ಲಿ ಇರುತ್ತದೆ.

ಇನ್ನು ಜಪ್ತಿಯ ವಿಷಯ. ಇದೇ ಕಗ್ಗಂಟು.

ಬೇಲಿ ಜಗಳ ಅಂತ ಇಟ್ಟುಕೊಳ್ಳಿ. ಪಕ್ಕದ ಜಮೀನಿನವರು "ಕೋವಿ ತೋರಿಸಿ ಹೆದರಿಸಿದ" ಅಂತ ದೂರು ಕೊಟ್ಟರು. ಪೊಲೀಸರು ಬಂದರು, ಪಂಚರನ್ನು ಕರೆದು ಮಹಜರು ಮಾಡಿದರು, ಕೋವಿ ತೆಗೆದುಕೊಂಡು ಹೋದರು. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ (ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅನ್ನುವ ಕಾನೂನು) ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 106ನೇ ಕಲಮಿನಲ್ಲಿ ಜಪ್ತಿ ಮಾಡುವ ಅಧಿಕಾರ ಪೊಲೀಸರಿಗೆ ಇದೆ, ಮಾಡಿದ್ದನ್ನು ಮ್ಯಾಜಿಸ್ಟ್ರೇಟ್ ಗಮನಕ್ಕೆ ತರುವ ಜವಾಬ್ದಾರಿಯೂ ಇದೆ. 105ನೇ ಕಲಮಿನ ಪ್ರಕಾರ ಶೋಧ ಮತ್ತು ಜಪ್ತಿಯ ವಿಡಿಯೋ ಕೂಡ ಆಗಬೇಕು. ಜಪ್ತಿಯಾದ ವಸ್ತುವಿಗೆ ನಮ್ಮ ರಾಜ್ಯದಲ್ಲಿ ಒಂದು ಪಿ.ಎಫ್. ನಂಬರು ಬೀಳುತ್ತದೆ, ಪ್ರಾಪರ್ಟಿ ಫಾರಂ ಅಂತ. ಕ್ರೈಂ ನಂಬರು ಮತ್ತು ಪಿ.ಎಫ್. ನಂಬರು, ಇವೆರಡನ್ನೂ ಬರೆದಿಟ್ಟುಕೊಳ್ಳಿ. ಮುಂದೆ ವಕೀಲರು ಮೊದಲು ಕೇಳುವುದೇ ಇವನ್ನು. ಮಹಜರಿನ ಪ್ರತಿಯನ್ನೂ ಕೇಳಿ ಪಡೆದುಕೊಳ್ಳಿ, ಅದರಲ್ಲಿ ಕೋವಿಯ ನಂಬರು ಸರಿಯಾಗಿ ಇದೆಯಾ ಅಂತ ಓದಿ.

ಇಲ್ಲಿಂದ ಕೋವಿ ಬಿಡಿಸಲು ಅರ್ಜಿ ಹಾಕಬೇಕಾದದ್ದು ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ಕೇಸು ಸೆಷನ್ಸ್‌ಗೆ ಹೋಗಿದ್ದರೆ ಅಲ್ಲಿಗೆ. ವಿಚಾರಣೆ ನಡೆಯುತ್ತಿರುವಾಗ ಮಧ್ಯಂತರ ಸುಪರ್ದಿಗೆ, ಅಂದರೆ ಕೇಸು ಮುಗಿಯುವ ತನಕ ನಮ್ಮ ವಶಕ್ಕೆ ಕೊಡಿ ಅಂತ ಕೇಳುವುದು 497ನೇ ಕಲಮಿನಲ್ಲಿ, ಹಿಂದೆ ಇದು 451 ಆಗಿತ್ತು. ಜಪ್ತಿಯಾದ ವಸ್ತುವನ್ನು ಪೊಲೀಸರು ಕೋರ್ಟಿಗೆ ವರದಿ ಮಾಡಿದ್ದು ಮಾತ್ರ, ಹಾಜರುಪಡಿಸಿಲ್ಲ ಎನ್ನುವಾಗ 503, ಹಿಂದಿನ 457. ವಕೀಲರು ಎರಡನ್ನೂ ಸೇರಿಸಿ ಹಾಕುವುದೂ ಉಂಟು.

ಹೊಸ ಕಾನೂನಿನಲ್ಲಿ ನಮಗೆ ಅನುಕೂಲವಾದ ಒಂದು ಬದಲಾವಣೆ ಇದೆ. ವಸ್ತು ಕೋರ್ಟಿನ ಮುಂದೆ ಬಂದ 14 ದಿನದಲ್ಲಿ ಅದರ ವಿವರ ಪಟ್ಟಿ ತಯಾರಾಗಬೇಕು, ಫೋಟೋ ಅಥವಾ ವಿಡಿಯೋ ಆಗಬೇಕು. ಆ ಪಟ್ಟಿ ಮತ್ತು ಫೋಟೋಗಳನ್ನೇ ಮುಂದೆ ಸಾಕ್ಷ್ಯವಾಗಿ ಬಳಸಬಹುದು. ಅದಾದ 30 ದಿನದೊಳಗೆ ವಸ್ತುವನ್ನು ಯಾರಿಗೆ ಕೊಡಬೇಕು, ಏನು ಮಾಡಬೇಕು ಅಂತ ಕೋರ್ಟು ಆದೇಶ ಮಾಡಬೇಕು. ಇದು ಗಾಳಿಯಿಂದ ಬಂದದ್ದಲ್ಲ. 2002ರಲ್ಲಿ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತು ಹೇಳಿತ್ತು. ಗುಜರಾತಿನಲ್ಲಿ ಠಾಣೆಯಲ್ಲಿದ್ದ ಮುದ್ದೆಮಾಲೇ (ಜಪ್ತಿಯಾದ ವಸ್ತುವೇ) ದುರುಪಯೋಗವಾದ ಆರೋಪದಿಂದ ಶುರುವಾದ ಕೇಸು ಅದು. ವಸ್ತುಗಳು ಠಾಣೆಯಲ್ಲಿ ಕೊಳೆಯಬಾರದು, ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳು, ಅದಕ್ಕಿಂತ ಜಾಸ್ತಿ ಇಟ್ಟುಕೊಳ್ಳುವುದು ಬೇಡ, ಫೋಟೋ ತೆಗೆದು ಬಾಂಡ್ ಬರೆಸಿಕೊಂಡು ಮಾಲೀಕರಿಗೆ ಕೊಡಿ ಅಂತ. ಆ ತೀರ್ಪಿನ ಮಾತುಗಳು ಹೆಚ್ಚಾಗಿ ವಾಹನ, ಒಡವೆಗಳ ಮೇಲೆ ಇವೆ. ಆದರೂ ಕೋವಿಯ ಅರ್ಜಿಯಲ್ಲೂ ವಕೀಲರು ಅದನ್ನು ಎತ್ತುತ್ತಾರೆ, ಎತ್ತಬೇಕು ಕೂಡ.

ಸರ್ಕಾರಿ ವಕೀಲರಿಂದ ತಕರಾರು ಬರುತ್ತದೆ. ಸಾಮಾನ್ಯವಾಗಿ ಮೂರು ಮಾತು: ವಿಚಾರಣೆಗೆ ಬೇಕು, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯದ) ವರದಿ ಬಂದಿಲ್ಲ, ಕೊಟ್ಟರೆ ದುರುಪಯೋಗ ಆಗಬಹುದು. ಮೊದಲನೆಯದಕ್ಕೆ ಫೋಟೋ ಮತ್ತು "ಕರೆದಾಗ ತರುತ್ತೇನೆ" ಎಂಬ ಬಾಂಡ್ ಉತ್ತರ. ಎರಡನೆಯದಕ್ಕೆ ಕಾಯುವುದೇ ಲೇಸು. ಗುಂಡು ಹಾರಿದೆ ಅಂತ ದೂರು ಇದ್ದರೆ ಪರೀಕ್ಷೆ ಆಗದೆ ಯಾವ ಮ್ಯಾಜಿಸ್ಟ್ರೇಟರೂ ಕೋವಿ ಕೈಗೆ ಕೊಡುವುದು ಕಷ್ಟ, ವರದಿ ಬಂದ ವಾರವೇ ಮತ್ತೆ ಅರ್ಜಿ ಹಾಕಿ. ಮೂರನೆಯದಕ್ಕೆ ನಿಮ್ಮ ಹಿನ್ನೆಲೆಯೇ ಉತ್ತರ: ಎಷ್ಟು ವರ್ಷದಿಂದ ಲೈಸೆನ್ಸ್ ಇದೆ, ಹಿಂದೆ ಯಾವ ದೂರೂ ಇಲ್ಲ, ತೋಟ ಎಲ್ಲಿದೆ. ಕೋರ್ಟು ಒಪ್ಪಿದರೆ ಷರತ್ತು ಹಾಕುತ್ತದೆ. ಮಾರಬಾರದು, ರೂಪ ಬದಲಿಸಬಾರದು, ಇಷ್ಟು ಮೊತ್ತದ ಬಾಂಡ್, ಒಬ್ಬ ಜಾಮೀನುದಾರ.

ಕೊಲೆ, ಕೊಲೆಯತ್ನದಂಥ ಕೇಸಾದರೆ ಮಾತೇ ಬೇರೆ. ಕೋವಿ ಅಲ್ಲಿ ಎಂ.ಓ. 1, ಅಂದರೆ ಒಂದನೇ ಸಾಕ್ಷ್ಯ ವಸ್ತು ಅಂತ ಕೂರುತ್ತದೆ, ಸಾಮಾನ್ಯವಾಗಿ ವಿಚಾರಣೆ ಮುಗಿಯುವ ತನಕ ಅಲ್ಲಾಡುವುದಿಲ್ಲ. ತೀರ್ಪು ಬಂದಾಗ ಎಲ್ಲರೂ "ಖುಲಾಸೆ" ಅನ್ನುವ ಪದ ಕೇಳಿ ಹೊರಡುತ್ತಾರೆ. ದಯವಿಟ್ಟು ತೀರ್ಪಿನ ಕೊನೆಯ ನಾಲ್ಕು ಸಾಲು ಓದಿ. ಎಂ.ಓ.ಗಳನ್ನು ಏನು ಮಾಡಬೇಕು ಅಂತ ಅಲ್ಲೇ ಇರುತ್ತದೆ. ನಿಮಗೆ ಕೊಡಿ ಅಂತ ಇದ್ದರೂ ಬಾಂಡ್ ಬರೆದುಕೊಡದಿದ್ದರೆ ಎರಡು ತಿಂಗಳು ಕಾಯಬೇಕು, ಅಪೀಲು ಹೋದರೆ ಅದು ಮುಗಿಯಬೇಕು. ಏನೂ ಹೇಳದೆ ಬಿಟ್ಟಿದ್ದರೆ 498ನೇ ಕಲಮಿನಲ್ಲಿ ಅರ್ಜಿ ಹಾಕಿ. ಶಿಕ್ಷೆಯಾದರೆ ಆರ್ಮ್ಸ್ ಆ್ಯಕ್ಟ್ 32ನೇ ಕಲಮಿನಲ್ಲಿ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಕೋರ್ಟಿಗೆ ಇದೆ.

ಬೇಟೆ ಕೇಸಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ ಕೋವಿ ಇನ್ನೂ ಬಿಗಿ. ವನ್ಯಜೀವಿ ಕಾಯ್ದೆಯ 39ನೇ ಕಲಮಿನ ಪ್ರಕಾರ ಅಪರಾಧಕ್ಕೆ ಬಳಸಿ ಜಪ್ತಿಯಾದ ಆಯುಧ ಸರ್ಕಾರದ ಆಸ್ತಿ. ಆದರೆ ಜಪ್ತಿ ಆದ ಮಾತ್ರಕ್ಕೆ ಸರ್ಕಾರದ್ದಾಗುವುದಿಲ್ಲ, ಅಪರಾಧಕ್ಕೆ ಬಳಕೆಯಾಗಿದೆ ಅಂತ ಕೋರ್ಟು ತೀರ್ಮಾನಿಸಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ.

ಈಗ ಜನ ಎಡವುವ ಜಾಗಕ್ಕೆ ಬರುತ್ತೇನೆ. ಕೋರ್ಟಿನ ಆದೇಶ ಕೈಯಲ್ಲಿದೆ, ಠಾಣೆಗೆ ಹೋಗುತ್ತೀರಿ, ಕೋವಿ ಕೊಡುವುದಿಲ್ಲ. ಯಾಕೆ? ಕೇಸು ದಾಖಲಾದ ದಿನಗಳಲ್ಲೇ ಪೊಲೀಸರು ಡಿಸಿಗೆ ಒಂದು ವರದಿ ಕಳಿಸಿರುತ್ತಾರೆ, ಇವರ ಲೈಸೆನ್ಸ್ ಅಮಾನತು ಮಾಡಿ ಅಂತ. ಡಿಸಿ ಕಚೇರಿಯಿಂದ ನೋಟಿಸು ಬಂದಿರುತ್ತದೆ, ಮನೆಯಲ್ಲಿ ಯಾರೋ ಸಹಿ ಮಾಡಿ ತೆಗೆದುಕೊಂಡು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿರುತ್ತಾರೆ. ಉತ್ತರ ಹೋಗದೆ ಲೈಸೆನ್ಸ್ ಅಮಾನತು ಆಗಿರುತ್ತದೆ. ಅಂದರೆ ಕೋವಿಯ ಹಾದಿ ಕೋರ್ಟಿನಲ್ಲಿ, ಲೈಸೆನ್ಸಿನ ಹಾದಿ ಡಿಸಿ ಕಚೇರಿಯಲ್ಲಿ. ಬೆಂಗಳೂರಿನಂಥ ಕಡೆ ಡಿಸಿ ಬದಲು ಪೊಲೀಸ್ ಕಮಿಷನರ್. ಎರಡು ಹಾದಿಯೂ ಒಟ್ಟಿಗೇ ನಡೆಯಬೇಕು. ಒಂದರಲ್ಲಿ ಗೆದ್ದು ಇನ್ನೊಂದರಲ್ಲಿ ಮಲಗಿದರೆ ಕೋವಿ ಬರುವುದಿಲ್ಲ.

ಅಮಾನತು, ರದ್ದು ಎರಡಕ್ಕೂ ಆರ್ಮ್ಸ್ ಆ್ಯಕ್ಟ್ 17ನೇ ಕಲಮಿನಲ್ಲಿ ಕಾರಣಗಳ ಪಟ್ಟಿ ಇದೆ. ಕಾರಣವನ್ನು ಬರೆದೇ ಆದೇಶ ಮಾಡಬೇಕು, ಕೇಳಿದರೆ ಸಾಮಾನ್ಯವಾಗಿ ಅದರ ಸಾರಾಂಶ ನಿಮಗೆ ಕೊಡಬೇಕು. ಸುಮ್ನೆ ಒಂದು ಕ್ರಿಮಿನಲ್ ಕೇಸು ಬಾಕಿ ಇದೆ ಅನ್ನುವುದಷ್ಟೇ ರದ್ದು ಮಾಡಲು ಸಾಲದು ಅಂತ ಹಲವು ಹೈಕೋರ್ಟುಗಳು ಹೇಳಿವೆ. 18ನೇ ಕಲಮಿನಲ್ಲಿ ಮೇಲ್ಮನವಿ ಇದೆ, ಅದಕ್ಕೆ ಗಡುವೂ ಇದೆ. ಆದೇಶದ ಪ್ರತಿ ಕೈಗೆ ಬಂದ ದಿನವೇ ಲಕೋಟೆಯ ಮೇಲೆ ತಾರೀಕು ಬರೆದು ವಕೀಲರ ಹತ್ತಿರ ಹೋಗಿ.

ಲೈಸೆನ್ಸ್ ಅವಧಿ ಮುಗಿಯುವುದೂ ಇದೇ ಥರದ ಬಲೆ. 2019ರ ತಿದ್ದುಪಡಿಯ ನಂತರ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ, ಆದರೆ ಕೇಸುಗಳು ಐದು ವರ್ಷ ದಾಟುವುದು ಹೊಸದಲ್ಲ, ಅಲ್ವಾ? ಕೋವಿ ಠಾಣೆಯಲ್ಲೇ ಇದ್ದರೂ ಲೈಸೆನ್ಸ್ ನವೀಕರಣಕ್ಕೆ ಎರಡು ತಿಂಗಳು ಮೊದಲೇ ಅರ್ಜಿ ಹಾಕಿ, ಠಾಣೆಯ ಹಿಂಬರಹ ಲಗತ್ತಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಅದೇ ತಿದ್ದುಪಡಿ ಒಬ್ಬರ ಕೈಯಲ್ಲಿ ಇರಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿದೆ. ಹಾಗಾಗಿ ಠಾಣೆಯಲ್ಲಿ ಒಂದು ಇದೆ ಅಂತ ಮನೆಗೆ ಇನ್ನೊಂದು ಕೊಳ್ಳುವ ಮೊದಲು ಲೆಕ್ಕ ಹಾಕಿ.

ಕಳ್ಳತನವಾದರೆ ಗಂಟೆಗಳ ಲೆಕ್ಕ. ಕಳೆದದ್ದು ಗೊತ್ತಾದ ತಕ್ಷಣ ಹತ್ತಿರದ ಠಾಣೆಗೆ ತಿಳಿಸಬೇಕು, ಇದು ಲೈಸೆನ್ಸಿನ ಷರತ್ತಿನಲ್ಲೇ ಇದೆ. ಮನೆಯವರೇ ಎರಡು ದಿನ ಹುಡುಕೋಣ ಅಂತ ಕೂರಬೇಡಿ. ಆ ಎರಡು ದಿನದಲ್ಲಿ ಅದರಿಂದ ಏನಾದರೂ ಆದರೆ ಮೊದಲು ಬಾಗಿಲು ಬಡಿಯುವುದು ನಿಮ್ಮದನ್ನೇ. ಎಫ್‌ಐಆರ್‌ನಲ್ಲಿ ಕೋವಿಯ ನಂಬರು ಇರಲೇಬೇಕು. ಪ್ರತಿಯನ್ನು ಡಿಸಿ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಸಿಗದಿದ್ದರೆ ಸ್ವಲ್ಪ ಸಮಯದ ಮೇಲೆ ಪೊಲೀಸರು ಪತ್ತೆಯಾಗಿಲ್ಲ ಅಂತ 'ಸಿ' ರಿಪೋರ್ಟ್ ಹಾಕುತ್ತಾರೆ. ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ವರ್ಷಗಳ ಮೇಲೆ ಬೇರೆ ಜಿಲ್ಲೆಯಲ್ಲಿ ಯಾರದೋ ಮನೆ ತಪಾಸಣೆಯಲ್ಲಿ ಸಿಗಬಹುದು. ಕಳ್ಳರು ನಂಬರು ಉಜ್ಜಿ ಅಳಿಸಿರುತ್ತಾರೆ, ಆದರೆ ಪ್ರಯೋಗಾಲಯದಲ್ಲಿ ರಾಸಾಯನಿಕ ಹಚ್ಚಿ ಅಳಿಸಿದ ನಂಬರನ್ನು ಎಷ್ಟೋ ಸಲ ಮತ್ತೆ ಓದುತ್ತಾರೆ. ನಂಬರು ಹೊಡೆಯುವಾಗ ಲೋಹ ಒಳಗಿನವರೆಗೂ ಒತ್ತಿಕೊಂಡಿರುತ್ತದೆ, ಮೇಲೆ ಉಜ್ಜಿದರೆ ಕಣ್ಣಿಗೆ ಕಾಣದಿರಬಹುದು, ಒತ್ತಿದ ಗುರುತು ಕೆಳಗೆ ಉಳಿದಿರುತ್ತದೆ. ಆಗ ಹಳೆಯ ಎಫ್‌ಐಆರ್ ಪ್ರತಿ, ಕೊಂಡಾಗಿನ ಬಿಲ್ಲು, ಲೈಸೆನ್ಸ್ ಪುಟ, ಹಳೆಯ ಫೋಟೋ, ಇವೇ ನಿಮ್ಮ ಹಕ್ಕಿಗೆ ಆಧಾರ. ಅರ್ಜಿ ಹಾಕಬೇಕಾದದ್ದು ಕೋವಿ ಯಾವ ಕೋರ್ಟಿನ ಲೆಕ್ಕದಲ್ಲಿ ಇದೆಯೋ ಅಲ್ಲಿಗೆ, ನಿಮ್ಮೂರಿನ ಕೋರ್ಟಿಗೇ ಅಂತೇನಿಲ್ಲ. ವಾರಸುದಾರರು ಯಾರು ಅಂತ ಗೊತ್ತಾಗದಿದ್ದರೆ ಮ್ಯಾಜಿಸ್ಟ್ರೇಟ್ ಪ್ರಕಟಣೆ ಹೊರಡಿಸುತ್ತಾರೆ, ಅಲ್ಲಿಂದ ಆರು ತಿಂಗಳೊಳಗೆ ಬಂದು ಹಕ್ಕು ತೋರಿಸಬೇಕು.

ಲೈಸೆನ್ಸ್ ಇದ್ದ ಹಿರಿಯರು ತೀರಿಕೊಂಡರೆ ಮನೆಯವರು ದುಃಖದಲ್ಲಿ ಕೋವಿಯನ್ನು ಅಟ್ಟದ ಮೇಲೆ ಇಟ್ಟು ಮರೆಯುತ್ತಾರೆ. ಬೇಡ. ಅದು ಆ ದಿನದಿಂದ ಲೈಸೆನ್ಸ್ ಇಲ್ಲದ ಕೋವಿ. ಠಾಣೆಯಲ್ಲೋ ಡೀಲರ್ ಹತ್ತಿರವೋ ಠೇವಣಿ ಇಡಿ, ನಂತರ ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಲಿ, ಉಳಿದವರು ಆಕ್ಷೇಪಣೆ ಇಲ್ಲ ಅಂತ ಬರೆದುಕೊಡಲಿ. ಆರ್ಮ್ಸ್ ಆ್ಯಕ್ಟ್ 21ನೇ ಕಲಮಿನಲ್ಲಿ ಹೀಗೆ ಇಟ್ಟದ್ದನ್ನು ನಿಗದಿತ ಅವಧಿಯೊಳಗೆ ವಾಪಸ್ ಪಡೆಯಬಹುದು ಅಥವಾ ಮಾರಬಹುದು. ಅವಧಿ ದಾಟಿದರೆ ಸರ್ಕಾರದ ಪಾಲಾಗಬಹುದು. ಹಿರಿಯರು ಇರುವಾಗಲೇ ವರ್ಗಾಯಿಸುವ ದಾರಿಯೂ 2016ರ ಆರ್ಮ್ಸ್ ರೂಲ್ಸ್‌ನಲ್ಲಿ ಇದೆ: ಅವರಿಗೆ 70 ವರ್ಷ ಆಗಿರಬೇಕು ಅಥವಾ 25 ವರ್ಷ ಆ ಕೋವಿ ಅವರ ಬಳಿ ಇದ್ದಿರಬೇಕು.

ಕೊಡಗಿನವರು ಇದನ್ನು ಓದುತ್ತಿದ್ದರೆ ನಿಮ್ಮ ಲೆಕ್ಕ ಸ್ವಲ್ಪ ಬೇರೆ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 1963ರ ಅಧಿಸೂಚನೆ ಅದನ್ನು ಮುಂದುವರಿಸಿತು, ಈಗಿನ ವಿಸ್ತರಣೆ 2029ರ ಅಕ್ಟೋಬರ್ 31ರ ತನಕ ಇದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ಹಾಗಾಗಿ ನೀವು ಲೈಸೆನ್ಸ್ ಬದಲು ತೋರಿಸಬೇಕಾದದ್ದು ವಿನಾಯಿತಿ ಪತ್ರ. ಅದರಲ್ಲಿ ಕೋವಿಯ ನಂಬರು ಸರಿಯಾಗಿ ದಾಖಲಾಗಿರಲಿ. ಕೈಲ್‌ಪೊಳ್ದಿಗೆ (ಕೊಡವರ ಆಯುಧ ಪೂಜೆಯ ಹಬ್ಬ) ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುವ, ಕುಲದ ಮೂಲಮನೆಯಾದ ಐನ್‌ಮನೆಯ ಕೋವಿ ಎಷ್ಟೇ ಹಳೆಯದಿದ್ದರೂ ಠಾಣೆಯ ರಿಜಿಸ್ಟರಿನಲ್ಲಿ ಅದು ಒಂದು ನಂಬರು ಮಾತ್ರ. ಕಳೆದರೆ, ಜಪ್ತಿಯಾದರೆ ಕೋರ್ಟಿನ ದಾರಿ ಎಲ್ಲರಿಗೂ ಒಂದೇ.

ವಾಪಸ್ ತರುವ ದಿನದ ಬಗ್ಗೆ ಹೇಳಿ ಮುಗಿಸುತ್ತೇನೆ. ಮೂಲ ಲೈಸೆನ್ಸ್, ಗುರುತಿನ ಚೀಟಿ, ರಸೀದಿ ಅಥವಾ ಕೋರ್ಟಿನ ಆದೇಶದ ದೃಢೀಕೃತ ಪ್ರತಿ ಒಯ್ಯಿರಿ. ಸಹಿ ಹಾಕುವ ಮೊದಲು ಕೋವಿಯ ನಳಿಗೆ ಮಡಚಿ ತೆರೆದು ನೋಡಿ, ಒಳಗೆ ತೋಟೆ ಇಲ್ಲ ತಾನೆ? ನಂಬರು ಲೈಸೆನ್ಸಿನೊಂದಿಗೆ ತಾಳೆ ಹಾಕಿ. ತೋಟೆಗಳನ್ನು ಎಣಿಸಿ. ತುಕ್ಕು, ಬಿರುಕು ಇದ್ದರೆ ಅಲ್ಲೇ ಫೋಟೋ ತೆಗೆಯಲು ಕೇಳಿ, ರಿಜಿಸ್ಟರಿನಲ್ಲಿ ಸಹಿಯ ಪಕ್ಕ ಒಂದು ಸಾಲು ಬರೆಯಿರಿ. ಖಾಲಿ ಕೋವಿಯನ್ನು ಚೀಲದಲ್ಲಿ ಹಾಕಿ ನೇರ ಮನೆಗೆ ಬನ್ನಿ, ದಾರಿಯಲ್ಲಿ ಎಲ್ಲೂ ನಿಲ್ಲಬೇಡಿ. ವರ್ಷಗಟ್ಟಲೆ ತೇವದಲ್ಲಿ ಇದ್ದ ಹಳೆಯ ತೋಟೆಗಳನ್ನು ಬಳಸಬೇಡಿ. ಕೋವಿಯನ್ನೂ ಗೊತ್ತಿರುವ ರಿಪೇರಿಯವರಿಗೆ ತೋರಿಸದೆ ಈಡು ಹಾರಿಸಬೇಡಿ, ನಳಿಗೆ ಒಳಗಿಂದ ತಿಂದುಹೋಗಿದ್ದರೆ ಸೀಳಬಹುದು. ದೊಡ್ಡಪ್ಪನ ಕೋವಿ ಇನ್ನೂ ರಿಪೇರಿಯವರ ಹತ್ತಿರವೇ ಇದೆ, ಎಡಗಡೆ ನಳಿಗೆ ಇನ್ನು ನಂಬುವ ಹಾಗಿಲ್ಲ ಅಂತ ಹೇಳಿದ್ದಾರೆ.